ಎಎನ್‌ಎ ಪಾಸಿಟಿವ್ ಬಂತೇ? ರಿಪೋರ್ಟ್ ಓದುವುದು ಹೀಗೆ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೊಡಗಿನಲ್ಲಿ ಕೈಕಾಲು ನೋವು ಯಾರಿಗಿಲ್ಲ? ಆದರೆ ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದ ಬಿಗಿತ, ಬಿಸಿಲು ತಾಗಿದರೆ ಕೆಂಪೇರುವ ಕೆನ್ನೆ, ಮತ್ತೆ ಮತ್ತೆ ಬಾಯಿಹುಣ್ಣು, ಇವೆಲ್ಲ ಸೇರಿ ವಾರಗಟ್ಟಲೆ ಕಾಡಿದರೆ ವೈದ್ಯರು ಲೂಪಸ್ ಇರಬಹುದೆಂದು ಎಎನ್‌ಎ ಪರೀಕ್ಷೆ ಬರೆಯುತ್ತಾರೆ. ಲೂಪಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಜೀವಕೋಶಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಜೀವಕೋಶದ ಕೇಂದ್ರಕ್ಕೆ ಅಂಟುವ ಇಂಥ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವುದೇ ಎಎನ್‌ಎ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು.

ರಕ್ತ ಕೊಡುವ ಮೊದಲು ಒಂದು ಚೀಟಿಯಲ್ಲಿ ಯಾವ ತೊಂದರೆ ಯಾವಾಗ ಶುರುವಾಯಿತೆಂದು ಬರೆದಿಡಿ. ರಿಪೋರ್ಟಿಗಿಂತ ಈ ಚೀಟಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ರಿಪೋರ್ಟ್ ಬಂದಾಗ 'ಪಾಸಿಟಿವ್' ಪದ ಬಿಟ್ಟು ಪಕ್ಕದ ಅಂಕಿ ನೋಡಿ. 1:80 ಎಂದರೆ ರಕ್ತದ ಸೀರಮ್ಮನ್ನು 80 ಪಟ್ಟು ತೆಳುಮಾಡಿದರೂ ಸ್ಲೈಡಿನ ಜೀವಕೋಶಗಳ ಮೇಲೆ ಹಸಿರು ಹೊಳಪು ಕಂಡಿತೆಂದು ಅರ್ಥ. ಬೆಲ್ಲದ ಕಾಫಿಗೆ ನೀರು ಬೆರೆಸುತ್ತಾ ಹೋಗಿ, ಎಲ್ಲಿಯವರೆಗೆ ಕಾಫಿಯ ರುಚಿ ಉಳಿದಿದೆ ಎಂದು ನೋಡಿದ ಹಾಗೆ. ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ ಸುಮಾರು 13 ಮಂದಿಗೆ 1:80 ಬರುತ್ತದೆ. 1:160 ಬರುವವರು ಐದು. ಹಾಗಾಗಿ ಎಎನ್‌ಎ ಒಂದನ್ನೇ ಹಿಡಿದು ರಾತ್ರಿಯಿಡೀ ಮೊಬೈಲ್ ನೋಡಿ ಅಳಬೇಡಿ. ನೆಗೆಟಿವ್ ಬಂದರೆ ಮಾತ್ರ ಲೂಪಸ್ ಅನುಮಾನ ಬಹಳ ಮಟ್ಟಿಗೆ ಕಳೆದಂತೆ.

ಪಾಸಿಟಿವ್ ಇದ್ದು ಲಕ್ಷಣಗಳೂ ಹೊಂದಿದರೆ ಮುಂದಿನದು ಆ್ಯಂಟಿ-ಡಿಎಸ್‌ಡಿಎನ್‌ಎ ಮತ್ತು ಆ್ಯಂಟಿ-ಸ್ಮಿತ್ ಎಂಬ ಪ್ರತಿಕಾಯಗಳ ಪರೀಕ್ಷೆ. ಇವು ಬೇರೆಯವರಲ್ಲಿ ಅಪರೂಪ, ಇದ್ದರೆ ಲೂಪಸ್ ಕಡೆಗೇ ಬೊಟ್ಟು. ಇಲ್ಲದಿದ್ದರೆ ಲೂಪಸ್ ಇಲ್ಲವೆಂದಲ್ಲ. ಡಿಎಸ್‌ಡಿಎನ್‌ಎ ಏರಿ, ರಕ್ಷಣಾ ವ್ಯವಸ್ಥೆಯ ಪ್ರೋಟೀನ್‌ಗಳಾದ ಸಿ3, ಸಿ4 ಇಳಿದರೆ ಮೂತ್ರಪಿಂಡದ ಮೇಲೆ ಕಣ್ಣಿಡಬೇಕು. ಅಗ್ಗದ ಮೂತ್ರ ಪರೀಕ್ಷೆಯನ್ನು ಇದೇ ಕಾರಣಕ್ಕೆ ತಪ್ಪಿಸಬಾರದು. ಪ್ರೋಟೀನ್ ಸೋರುವಾಗ ನೋವೇ ಇರುವುದಿಲ್ಲ.

ಮಗುವಿನ ಯೋಚನೆಯಿದ್ದರೆ ಆ್ಯಂಟಿ-ರೋ ಕೇಳಿ: ಈ ಪ್ರತಿಕಾಯ ಕೆಲವು ಸಲ ಹೊಟ್ಟೆಯಲ್ಲಿರುವ ಮಗುವಿನ ಹೃದಯ ಬಡಿತವನ್ನು ನಿಧಾನಗೊಳಿಸುತ್ತದೆ. ಹಿಂದೆ ಗರ್ಭಪಾತವಾಗಿದ್ದರೆ, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಆ್ಯಂಟಿಫಾಸ್ಫೊಲಿಪಿಡ್ ಪರೀಕ್ಷೆಯೂ ಬೇಕು. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿಯೇ ನಿರ್ಧಾರ.

ಮೈಸೂರಿಗೋ ಮಂಗಳೂರಿಗೋ ಸಂಧಿವಾತ ತಜ್ಞರನ್ನು ಕಾಣಲು ಹೊರಟಾಗ ಹಳೆಯ ರಿಪೋರ್ಟ್‌ಗಳ ಕಟ್ಟು, ಆ ಚೀಟಿ ಎರಡೂ ಚೀಲದಲ್ಲಿರಲಿ. ಡಿಎಸ್‌ಡಿಎನ್‌ಎ ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಇಲ್ಲದಿದ್ದರೆ ಅಂಕಿ ಹೋಲಿಸಲಾಗದು. ಒಮ್ಮೆ ಪಾಸಿಟಿವ್ ಆದ ಎಎನ್‌ಎಯನ್ನು ಯಾರಾದರೂ ಮತ್ತೆ ಬರೆದುಕೊಟ್ಟರೆ, ಯಾಕೆ ಡಾಕ್ಟ್ರೇ ಎಂದು ಕೇಳಿ.