ಗೋಧಿಯ ಗಿಣ್ಣು ನೋಡಿ ರಾತ್ರಿ ಹಿಡಿದದ್ದು

ಕ್ರಾಪ್ ಸರ್ಕಲ್, ಅಂದರೆ ರಾತ್ರೋರಾತ್ರಿ ಬೆಳೆ ಮಲಗಿಸಿ ಹೊಲದಲ್ಲಿ ಮೂಡಿಸುವ ವೃತ್ತದ ಚಿತ್ತಾರ, ಯಾವ ರಾತ್ರಿ ಮಾಡಿದ್ದು ಅಂತ ಬಿದ್ದ ಗೋಧಿಯ ಗಿಣ್ಣು ನೋಡಿ ಹೇಳಬಹುದು ಅಂದಾಗ ಜೊತೆಯವರೆಲ್ಲ ನಕ್ಕಿದ್ದರು. ಹೊಲಕ್ಕೊಂದು ತಳಿ, ದಿನಕ್ಕೊಂದು ಹವೆ, ಏನು ಲೆಕ್ಕ ಸಿಗುತ್ತೆ ಅಂದವರೇ ಜಾಸ್ತಿ. ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಪ್ಯೂಸಿ ಕಣಿವೆಯ ಒಂದು ಹೊಲದಲ್ಲಿ ಲೆಕ್ಕ ಸಿಕ್ಕಿತು, ಅದಕ್ಕೇ ಬರೆಯುತ್ತಿದ್ದೇನೆ. ಹಲಗೆ, ಹಗ್ಗ ಹಿಡಿದು ಇಂಥ ವೃತ್ತ ಮಾಡುತ್ತಿದ್ದವರು ನಾವೇ ಅಂತ ಡಗ್ ಮತ್ತು ಡೇವ್ ಅನ್ನುವ ಇಬ್ಬರು ಇಂಗ್ಲಿಷರು 1991ರಲ್ಲಿ ಬಾಯಿಬಿಟ್ಟ ಕಥೆ ಹಳೆಯದು, ಬಿಡಿ.

ಮೊದಲು ದುಡ್ಡು ಎಲ್ಲಿ ಕರಗಿತು ಅಂತ ಹೇಳಿಬಿಡುತ್ತೇನೆ. ಡ್ರೋನ್‌ಗೆ 700 ಪೌಂಡ್ ಹತ್ತಿರ ಹೋಯಿತು. ಚಿತ್ರ ಚೆನ್ನಾಗೇ ಬಂತು, ನೋಡಿದವರು ಆಹಾ ಅಂದರು, ಆದರೆ ಮೇಲಿಂದ ಆಕಾರ ಕಾಣುತ್ತದೆಯೇ ಹೊರತು ಯಾವ ಸಾಲು ಮೊದಲು ಬಿತ್ತು, ಯಾವುದು ಅದರ ಮೇಲೆ ಬಿತ್ತು ಅನ್ನುವುದು ಕಾಣುವುದಿಲ್ಲ. ಅದಕ್ಕೆ ಮಂಡಿಯೂರಿ ಕೂತು ಕಡ್ಡಿ ಬಿಡಿಸಿಯೇ ನೋಡಬೇಕು. ಕಾಂತಕ್ಷೇತ್ರದ ಮೀಟರ್ ಒಂದು 120 ಪೌಂಡ್. ವೃತ್ತದ ಒಳಗೂ ಹೊರಗೂ ಒಂದೇ ಅಂಕಿ. ಒಮ್ಮೆ ಮಾತ್ರ ಜೋರಾಗಿ ಏರಿತು, ತಲೆಯೆತ್ತಿದರೆ ಮೇಲೆ ಕರೆಂಟ್ ತಂತಿ! ಮಣ್ಣನ್ನು ಲ್ಯಾಬ್‌ಗೆ ಕಳಿಸಿದ್ದು ಇನ್ನೂ ದಂಡ. ಸುಮಾರು 200 ಪೌಂಡ್ ತೆತ್ತದ್ದಕ್ಕೆ ಆ ಹೊಲಕ್ಕೆ ಎಷ್ಟು ಗೊಬ್ಬರ ಬಿದ್ದಿದೆ ಅನ್ನುವ ವರದಿ ಬಂತು. ಅದು ರೈತನಿಗೆ ಮೊದಲೇ ಗೊತ್ತಿತ್ತು.

ಗಿಣ್ಣಿನ ವಿಷಯಕ್ಕೆ ಬರುತ್ತೇನೆ. ಹಸಿ ಗೋಧಿ ಬಿದ್ದ ಮೇಲೆ ಸುಮ್ನೆ ಮಲಗಿರುವುದಿಲ್ಲ. ಗಿಣ್ಣಿನ ಕೆಳಮಗ್ಗುಲು ಉಬ್ಬಿ ಬೆಳೆದು ತೆನೆಯನ್ನು ಮೇಲಕ್ಕೆ ಎತ್ತುತ್ತದೆ. ಎಷ್ಟು ಎತ್ತಿದೆ ಅಂತ ಪ್ರೊಟ್ರ್ಯಾಕ್ಟರ್ ಇಟ್ಟು ಅಳೆದರೆ ಬಿದ್ದು ಎಷ್ಟು ಹೊತ್ತಾಯಿತು ಅಂತ ತಿಳಿಯಬೇಕು. ಕಾಗದದ ಮೇಲೆ ಸುಲಭ. ಒಂದು ವರ್ಷ ಅಳೆದು ಕೋಷ್ಟಕ ಮಾಡಿಟ್ಟೆ, ಮುಂದಿನ ವರ್ಷ ಬೇರೆ ಹೊಲಕ್ಕೆ ಒಯ್ದರೆ ಒಂದೂವರೆ ದಿನ ಆಚೀಚೆ. ಬಿಸಿಲು ಹೆಚ್ಚಾದರೆ ಬೇಗ ಏಳುತ್ತದೆ, ತಂಪಾದರೆ ನಿಧಾನ, ಬೆಳೆ ಬಲಿತಷ್ಟೂ ಸೋಮಾರಿ. ನಕ್ಕವರ ಮಾತು ಅಲ್ಲಿಯವರೆಗೆ ನಿಜವೇ.

ಕೋಷ್ಟಕ ಹರಿದು ಹಾಕಿದ ಮೇಲೆ ದಾರಿ ಸಿಕ್ಕಿತು. ಅದೇ ಹೊಲದಲ್ಲಿ, ಅದೇ ತಳಿಯಲ್ಲಿ, ಟ್ರ್ಯಾಕ್ಟರ್ ಜಾಡಿನಿಂದ ಅಷ್ಟೇ ದೂರದಲ್ಲಿ ನಾನೇ ಹಲಗೆ ಹಾಕಿ ಒಂದೆರಡು ಮೀಟರ್ ಪಟ್ಟಿ ಮಲಗಿಸುವುದು. ಅದು ಏಳುವುದನ್ನು ಮೂರು ನಾಲ್ಕು ಗಂಟೆಗೊಮ್ಮೆ ಅಳೆಯುತ್ತಾ ಕೂರುವುದು. ವೃತ್ತದಲ್ಲಿ ಮೊದಲು ಅಳೆದ ಕೋನಕ್ಕೆ ನನ್ನ ಪಟ್ಟಿ ಎಷ್ಟು ಗಂಟೆಗೆ ಬಂತೋ, ವೃತ್ತಕ್ಕೆ ಆಗ ಅಷ್ಟು ವಯಸ್ಸು. ರೈತನಿಗೆ 40 ಪೌಂಡ್ ಕೊಟ್ಟೆ. "ಅವರು ಹಾಳು ಮಾಡಿದ್ದು ಸಾಲದು ಅಂತ ನೀವೂ ಬಂದ್ರಾ?" ಅಂತ ಗೊಣಗಿಕೊಂಡೇ ಒಪ್ಪಿದ.

ಜೂನ್ ಕೊನೆ. ವೃತ್ತವನ್ನು ವಿಮಾನದಿಂದ ಯಾರೋ ನೋಡಿದ್ದು ಭಾನುವಾರ ಮಧ್ಯಾಹ್ನ, ಹಾಗಾಗಿ ಶನಿವಾರ ರಾತ್ರಿಯದ್ದು ಅಂತ ಎಲ್ಲರೂ ತೀರ್ಮಾನಿಸಿದ್ದರು. ಶನಿವಾರ ಸಂಜೆಯಿಂದ ಒಳ್ಳೆ ಮಳೆ. ಕಡ್ಡಿಗಳ ಮೇಲೆ ಕೆಸರಿನ ಗುರುತೇ ಇಲ್ಲ. ಅಂದಮೇಲೆ ಮನುಷ್ಯರು ಮಾಡಿದ್ದಲ್ಲ ಅನ್ನುವ ಗುಂಪಿಗೆ ಹಬ್ಬ. ನಾನು ಭಾನುವಾರ ಸಂಜೆ ಏಳಕ್ಕೆ ಅಳೆದು, ಆಗಲೇ ಪಟ್ಟಿ ಮಲಗಿಸಿದೆ. ಶನಿವಾರ ರಾತ್ರಿಯದ್ದಾದರೆ 16ರಿಂದ 18 ಗಂಟೆಗೆ ಹೊಂದಬೇಕಿತ್ತು. ಸೋಮವಾರ ಮಧ್ಯಾಹ್ನ ಕಳೆದರೂ ನನ್ನ ಪಟ್ಟಿ ಅರ್ಧಕ್ಕೂ ಎದ್ದಿರಲಿಲ್ಲ. ಹೊಂದಿದ್ದು ಮಂಗಳವಾರ ಹನ್ನೊಂದರ ಸುಮಾರಿಗೆ, ಅಂದರೆ 40 ಗಂಟೆ. ಮಳೆಯ ತಂಪಿಗೆ ಸ್ವಲ್ಪ ಕೂಡಿಸಿದರೆ ಶುಕ್ರವಾರ ನಡುರಾತ್ರಿ. ಮಳೆಗೆ ಮೊದಲು, ನೆಲ ಒಣಗಿದ್ದಾಗ. ಕೆಸರು ಎಲ್ಲಿಂದ ಬರಬೇಕು?

ಯಾರೂ ನಂಬಲಿಲ್ಲ. ವಾರ ಕಳೆದು ರೈತನೇ ಫೋನ್ ಮಾಡಿದ. ಮೊಲ ಬೇಟೆಯವರ ಕಾಟಕ್ಕೆ ಗೇಟಿನ ಬಳಿ ಕ್ಯಾಮೆರಾ ಬಚ್ಚಿಟ್ಟಿದ್ದನಂತೆ, ಅದರ ಕಾರ್ಡ್ ಆಗ ತೆಗೆದು ನೋಡಿದ್ದಾನೆ. ಶುಕ್ರವಾರ ರಾತ್ರಿ ಹನ್ನೊಂದು ಚಿಲ್ಲರೆಗೆ ನಾಲ್ಕು ಜನ ಹಲಗೆ ಹೊತ್ತು ಒಳಗೆ, ಮೂರರ ಮೇಲೆ ಹೊರಗೆ. ಆ ಚಿತ್ರವನ್ನು ನಕ್ಕವರಿಗೆಲ್ಲ ಒಬ್ಬೊಬ್ಬರಿಗೇ ತೋರಿಸಿದ್ದೇನೆ, ಸುಳ್ಳೇಕೆ ಹೇಳಲಿ.

ಮೇಲಿಂದ ಎಷ್ಟನೇ ಗಿಣ್ಣು ಅಳೆಯಬೇಕು, ತಂಪಿಗೆ ಎಷ್ಟು ಗಂಟೆ ಕೂಡಿಸಬೇಕು ಅನ್ನುವುದನ್ನು ಬರೆಯುವುದಿಲ್ಲ. ವೃತ್ತ ಮಾಡುವವರೂ ಓದುತ್ತಾರೆ, ಅಲ್ವಾ? ಇಷ್ಟು ಹೇಳಬಲ್ಲೆ: ನೋಡಲು ಬಂದ ಜನ ತುಳಿದ ಕಡೆ ಅಳೆಯಬೇಡಿ, ಜಾಡಿನಿಂದ ದೂರದ ಅಂಚಿಗೆ ಹೋಗಿ.

ಜೊತೆಗೆ ಇನ್ನೊಂದಿಷ್ಟು ಆಟ ಆಡಿದೆ. ಹಲಗೆಯ ಬದಲು ತೋಟದ ರೋಲರ್ ಎಳೆದೆ. ಜಜ್ಜಿದ ಕಡ್ಡಿ ಏಳುವುದೇ ಇಲ್ಲ, ಜಜ್ಜದೆ ಉಳಿದವು ಹಲಗೆಯವುಗಳ ಹಾಗೇ ಎದ್ದವು. ಹಳದಿ ಹೂವಿನ ರೇಪ್‌ಸೀಡ್‌ನಲ್ಲಿ ಪ್ರಯತ್ನಿಸಿದರೆ ದಂಟು ಲಟಕ್ ಅಂತ ಮುರಿಯಿತು, ಕೈಬಿಟ್ಟೆ. ಲೆವೆಂಗುಡ್ ಅನ್ನುವ ಅಮೆರಿಕದ ಸಂಶೋಧಕ 1994ರ ಪ್ರಬಂಧದಲ್ಲಿ ಬರೆದ, ಹಲಗೆಯಿಂದ ಬಾರದವು ಅಂತ ಕೆಲವರು ನಂಬುವ ಉದ್ದನೆಯ ಗಿಣ್ಣುಗಳನ್ನೂ ಹುಡುಕಿದೆ. ನನ್ನ ಹಲಗೆಯ ಪಟ್ಟಿಯಲ್ಲೂ ಸಿಕ್ಕವು, ಗಾಳಿಗೆ ಒರಗಿದ ಮೂಲೆಯಲ್ಲೂ ಸಿಕ್ಕವು. ಅಲ್ಲಿಗೆ ಆ ಚರ್ಚೆ ನನ್ನ ಮಟ್ಟಿಗೆ ಮುಗಿಯಿತು.

ಈಗ ಕಣ್ಣಿರುವುದು ದೊಡ್ಡ ವೃತ್ತಗಳ ಮೇಲೆ. ಒಂದೇ ರಾತ್ರಿ ಇಷ್ಟು ಸಾಧ್ಯವಿಲ್ಲ ಅನ್ನುತ್ತಾರಲ್ಲ, ಎರಡು ರಾತ್ರಿ ಮಾಡಿದ್ದರೆ ಎರಡು ಭಾಗದ ಕೋನ ಬೇರೆ ಬೇರೆ ಬರಲೇಬೇಕು. ವಿಲ್ಟ್‌ಶೈರ್‌ನದೇ ಮಿಲ್ಕ್ ಹಿಲ್ ಗುಡ್ಡದಲ್ಲಿ 409 ವೃತ್ತ ಸೇರಿ ಆಗಿದ್ದ ದೊಡ್ಡ ಚಿತ್ತಾರಕ್ಕೆ ಈ ಉಪಾಯ ನಡೆಯುತ್ತಿರಲಿಲ್ಲ. ಅದು 2001ರ ಆಗಸ್ಟ್, ಅಷ್ಟರಲ್ಲಿ ಗೋಧಿ ಒಣಗಿರುತ್ತದೆ, ಗಿಣ್ಣು ಬಗ್ಗುವುದಿಲ್ಲ. ಹಾಗಾಗಿ ಜುಲೈ ಅರ್ಧ ಕಳೆದ ಮೇಲೆ ಯಾರು ಕರೆದರೂ ನಾನು ಪೆಟ್ರೋಲ್ ಸುಡುವುದಿಲ್ಲ.