ಸಕ್ಕರೆ ಡಬ್ಬಿಯ ಲೆಕ್ಕ: ಒಂದೊಂದೇ ಚಮಚ ಇಳಿಸುವುದು ಹೇಗೆ?

ನಮ್ಮ ಹಾಸನದಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ಕಾಫಿ. ಪಕ್ಕದಲ್ಲೇ ಸಕಲೇಶಪುರದ ತೋಟಗಳಿರುವಾಗ ಇನ್ನೇನು ಕೊಡುತ್ತಾರೆ ಹೇಳಿ? ಆದರೆ ಆ ಲೋಟಕ್ಕೆ ಎಷ್ಟು ಸಕ್ಕರೆ ಬಿತ್ತು ಅಂತ ಯಾರೂ ನೋಡುವುದಿಲ್ಲ. "ನಾನು ಸಿಹಿ ಮುಟ್ಟೋದೇ ಇಲ್ಲ" ಅನ್ನುವವರೂ ದಿನಕ್ಕೆ ನಾಲ್ಕು ಕಾಫಿ ಕುಡಿದಿರುತ್ತಾರೆ. ಅದಕ್ಕೇ ಸಕ್ಕರೆ ಬಿಡುವ ಮೊದಲು ಅಳೆಯಬೇಕು.

1. ಚೀಲದ ಮೇಲೆ ತಾರೀಖು ಬರೆಯಿರಿ

ಹೊಸ ಸಕ್ಕರೆ ಒಡೆದ ದಿನ ಬರೆದಿಡಿ, ಮುಗಿದ ದಿನ ನೋಡಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಕೆ.ಜಿ. ಖರ್ಚಾದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 42 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ ಇದು 50 ಗ್ರಾಂಗಿಂತ ಕಡಿಮೆ ಇರಬೇಕು. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಬೇಕರಿ ತಿಂಡಿ, ಬಿಸ್ಕತ್ತು, ಜ್ಯೂಸ್ ನಿಮ್ಮ ಚೀಲದ ಲೆಕ್ಕಕ್ಕೆ ಬರುವುದೇ ಇಲ್ಲ, ನೆನಪಿರಲಿ.

2. ಚಮಚ ತೂಗಿ

ನಮ್ಮ ಡಬ್ಬಿಯ ಸ್ಟೀಲ್ ಚಮಚವನ್ನು ತಕ್ಕಡಿ ಮೇಲಿಟ್ಟು ನೋಡಿದೆ. ಮಟ್ಟಸವಾಗಿ ತುಂಬಿದರೆ 5 ಗ್ರಾಂ. ಅಮ್ಮ ಹಾಕುವ ಹಾಗೆ ಗೋಪುರ ಮಾಡಿ ತುಂಬಿದರೆ 8! ಲೋಟಕ್ಕೆ ಅಂಥ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ. 64 ಗ್ರಾಂ ಆಯಿತು. ಅಮ್ಮ ಸುಮ್ನೆ ತಕ್ಕಡಿಯನ್ನೇ ನೋಡುತ್ತಾ ನಿಂತರು.

ಈ ಸಕ್ಕರೆ ಒಳಗೆ ಹೋಗಿ ಏನು ಮಾಡುತ್ತದೆ? ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ಗ್ಲುಕೋಸ್ ರಕ್ತಕ್ಕೆ ಸೇರಿದ ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡಬೇಕು. ಫ್ರಕ್ಟೋಸ್ ಹೆಚ್ಚಾಗಿ ಲಿವರ್‌ಗೆ ಹೋಗುತ್ತದೆ. ಜಾಸ್ತಿಯಾದದ್ದು ಅಲ್ಲಿ ಕೊಬ್ಬಾಗುತ್ತದೆ. ಒಂದು ತೊಟ್ಟು ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್ ಬರಲು ಇದೂ ಒಂದು ಕಾರಣ. ತೂಕ ಏರಿದರೆ ಮಧುಮೇಹ, ಹೃದಯದ ತೊಂದರೆಗೂ ದಾರಿಯಾಗುತ್ತದೆ. ಹಲ್ಲಿನ ಕಥೆ ಬೇರೆ: ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಅದು ಹಲ್ಲನ್ನು ಕೊರೆಯುತ್ತದೆ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿದರೆ ಹಲ್ಲಿಗೆ ಬಿಡುವೇ ಇರುವುದಿಲ್ಲ.

3. ವಾರಕ್ಕೆ ಕಾಲು ಚಮಚ ಇಳಿಸಿ

ಒಂದೇ ದಿನ ನಿಲ್ಲಿಸಿದವರು ನಾಲ್ಕನೇ ದಿನ ಮತ್ತೆ ಡಬ್ಬಿ ತೆಗೆಯುತ್ತಾರೆ. ಮೊದಲ ವಾರ ಗೋಪುರ ಬಿಡಿ, ಮಟ್ಟಸ ಚಮಚ ಸಾಕು. ಆಮೇಲೆ ವಾರವಾರ ಕಾಲು ಚಮಚ ಕಡಿಮೆ ಮಾಡಿ. ಡಿಕಾಕ್ಷನ್ ಹೊಸದಿರಲಿ, ಚಿಕೋರಿ ಕಡಿಮೆ ಇರಲಿ, ಕಹಿ ತಾನೇ ಇಳಿಯುತ್ತದೆ. ಹಾಲಿಗೂ ತನ್ನದೇ ಸಿಹಿ ಇದೆ, ನಾಲಿಗೆಗೆ ಅದು ನಿಧಾನವಾಗಿ ಗೊತ್ತಾಗುತ್ತದೆ. ಆರು ವಾರ ಆದ ಮೇಲೆ ಅಮ್ಮ ನೆಂಟರ ಮನೆಯಲ್ಲಿ ಕಾಫಿ ಕುಡಿದು ಬಂದು, "ಪಾಯಸ ಇದ್ದ ಹಾಗಿತ್ತು ಕಣೋ" ಅಂದರು.

ಬೆಲ್ಲ ಹಾಕಿದರೆ ಆಯ್ತು ಅಲ್ವಾ? ಇಲ್ಲ. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆ. ರುಚಿಗೆ ಬಳಸಿ, ಔಷಧಿ ಅಂದುಕೊಂಡು ಬೇಡ.

4. ಬೇಕರಿಗೆ ವಾರದಲ್ಲಿ ಒಂದು ದಿನ

ಅಯ್ಯಂಗಾರ್ ಬೇಕರಿಯವರಲ್ಲಿ ಬಹಳ ಜನ ನಮ್ಮ ಹಾಸನದ ಕಡೆಯವರೇ, ಆ ಹೆಮ್ಮೆ ನನಗೂ ಇದೆ. ಹನಿ ಕೇಕ್ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದು ಪಾಕದಲ್ಲಿ ನೆಂದು, ಮೇಲೆ ಜಾಮ್ ಹೊದ್ದು ಬಂದಿರುತ್ತದೆ. ದಿನಾ ಸಂಜೆ ಬೇಡ. ಮಕ್ಕಳ ಟಿಫಿನ್‌ಗೆ ಕಡಲೆಕಾಯಿ, ಬಾಳೆಹಣ್ಣು ಹಾಕಿ. ತಂಪು ಪಾನೀಯದ ಲೇಬಲ್ ಕೂಡ ಓದಿ: 100 ಮಿ.ಲೀ.ಗೆ 10 ಗ್ರಾಂ ಇದ್ದರೆ 300 ಮಿ.ಲೀ. ಬಾಟಲಿಯಲ್ಲಿ ಮಟ್ಟಸ ಆರು ಚಮಚ.

5. ರಕ್ತ ಪರೀಕ್ಷೆ

ಎಚ್‌ಬಿಎ1ಸಿ ಮಾಡಿಸಿ. ರಕ್ತದಲ್ಲಿನ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಅದರಲ್ಲಿ ಸಿಗುತ್ತದೆ. ಶೇಕಡಾ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೀರಿ. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೈದ್ಯರ ಹತ್ತಿರ ಹೋಗಿ.

ಈಗಾಗಲೇ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಿಂಡಿ ಬದಲಿಸಬೇಡಿ. ಕೈ ನಡುಗಿ, ಬೆವರು ಬಂದು ಶುಗರ್ ಇಳಿದಾಗ ಇದೇ ಸಕ್ಕರೆ ಬೇಕಾಗುತ್ತದೆ. ಅಂಥವರು ಹೊರಗೆ ಹೊರಟಾಗ ಜೇಬಿನಲ್ಲಿ ಒಂದು ಪೊಟ್ಟಣ ಸಕ್ಕರೆ ಇರಲಿ.