ಹಾಲು, ಬೈರಾಸ, ಅಡಿಕೆ ಹಾಳೆ: ಮಕ್ಕಳಿಗೆ ಭೂಮಿಯ ಪ್ಲೇಟು ತೋರಿಸೋದು ಹೀಗೆ

ಅಕ್ಕನ ಮಗ ರಜೆಗೆ ತೀರ್ಥಹಳ್ಳಿಗೆ ಬಂದಿದ್ದ, ಪ್ಲೇಟು ಪ್ಲೇಟು (ಅಂದ್ರೆ ಭೂಮಿಯ ಗಟ್ಟಿ ಮೇಲ್ಪದರದ ದೊಡ್ಡ ದೊಡ್ಡ ತುಂಡು) ಗುದ್ದಿದ್ರೆ ಬೆಟ್ಟ ಅಂತ ಬಾಯಿಪಾಠ ಮಾಡ್ಕೊಂಡು ಆಗುಂಬೆ ಘಾಟೀನೂ ಹಾಗೇ ಆಗಿದ್ದು ಅಂದುಬಿಟ್ಟ. ಅಲ್ಲ ಮಾರಾಯಾ ಅಂತ ಅಡುಗೆಮನೆಗೆ ಕರ್ಕೊಂಡು ಹೋದೆ. ನೀವೂ ಮಾಡಿ ನೋಡಿ, ಖರ್ಚೇನಿಲ್ಲ.

ಮೊದ್ಲು ಹಾಲು. ಅಗಲ ಪಾತ್ರೇಲಿ ಕಾಸಿ ಆರೋಕೆ ಬಿಡಿ, ದಪ್ಪ ಕೆನೆ ಕಟ್ಟಿದ ಮೇಲೆ ಅಲ್ಲಾಡಿಸದೆ ಮತ್ತೆ ಸಣ್ಣ ಉರೀಲಿ ಇಡಿ. ನಡುವೆ ಉಬ್ಬಿ ಕೆನೆ ಬಿರಿಯುತ್ತೆ, ಬಿರುಕಲ್ಲಿ ಹಾಲು ಮೇಲೆ ಬರುತ್ತೆ, ತುಂಡಾದ ಕೆನೆ ಅಂಚಿಗೆ ಸರಿದು ಸುಕ್ಕಾಗುತ್ತೆ. ಅಟ್ಲಾಂಟಿಕ್ ಸಮುದ್ರದ ನಡುವೆ ಆಗ್ತಿರೋದೂ ಇಂಥದ್ದೇ ಬಿರಿಯೋದು, ಐಸ್‌ಲ್ಯಾಂಡ್ ಕೂತಿರೋದು ಆ ಬಿರುಕಿನ ಮೇಲೇ. ಆದ್ರೆ ಪ್ಲೇಟಿನ ಕೆಳಗಿರೋದು ಹಾಲಿನ ತರ ನೀರಲ್ಲ, ಬಿಸಿಗೆ ಬಹಳ ನಿಧಾನ ಜರುಗೋ ಗಟ್ಟಿ ಕಲ್ಲು ಅಂತ ಹೇಳೋದು ಮರೀಬೇಡಿ. ಹಾಲು ಉಕ್ಕಿದ್ರೆ ಒಲೆ ಒರೆಸೋದು ನೀವೇ.

ಆಮೇಲೆ ರೆಡ್ ಆಕ್ಸೈಡ್ ನೆಲದ ಮೇಲೆ ಎರಡು ಒದ್ದೆ ಬೈರಾಸ (ಟವಲ್ಲು) ಎದುರುಬದುರು ಹಾಸಿ ತಳ್ಳಿ. ಮಡಿಕೆ ಮಡಿಕೆಯಾಗಿ ಏಳುತ್ತಲ್ಲ, ಅದು ಹಿಮಾಲಯ. ನಮ್ಮ ಪ್ಲೇಟು ಏಷ್ಯಾದ ಕಡೆ ಪ್ಲೇಟಿಗೆ ಗುದ್ದಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ, ಈಗ್ಲೂ ವರ್ಷಕ್ಕೆ ಹೆಚ್ಚುಕಮ್ಮಿ 5 ಸೆಂಟಿಮೀಟರ್ ಉತ್ತರಕ್ಕೆ ಜರುಗ್ತಾನೇ ಇದೆ. ಮಧ್ಯದಲ್ಲಿದ್ದ ಟೆಥಿಸ್ ಸಮುದ್ರದ ತಳ ಮೇಲೆದ್ದಿದ್ದಕ್ಕೆ ಸಾಕ್ಷಿ ನಿಮ್ಮನೆ ದೇವರ ಪೆಟ್ಟಿಗೇಲೇ ಇರ್ಬಹುದು, ಗಂಡಕಿ ನದಿ ಸಾಲಿಗ್ರಾಮದ ಚಕ್ರ ಅಂದ್ರೆ ಅಮೋನೈಟ್ ಅನ್ನೋ ಸಮುದ್ರಜೀವಿಯ ಅಚ್ಚು. ಅಮ್ಮ ಮುಟ್ಟೋಕೆ ಬಿಡ್ಲಿಲ್ಲ, ಮಡೀಲಿಲ್ಲ ಅಂತ. ದೂರದಿಂದ್ಲೇ ತೋರಿಸಿದೆ.

ಸಮುದ್ರದ ತಳದ ಪ್ಲೇಟು ತೆಳು, ಆದ್ರೆ ಸಾಂದ್ರತೆ ಜಾಸ್ತಿ, ಅದಕ್ಕೇ ಇನ್ನೊಂದರ ಅಡಿಗೆ ನುಗ್ಗುತ್ತೆ. ಇದಕ್ಕೆ ಅಡಿಕೆ ಹಾಳೆ ಎರಡು ತುಂಡು ಬೇಕು. ಒಂದರ ಅಡಿಗೆ ಇನ್ನೊಂದು ತೂರಿಸಿ, ಅಂಚು ಕಚ್ಕೊಂಡ ಹಾಗೆ ಬೆರಳಲ್ಲಿ ಒತ್ತಿ ಹಿಡಿದು ತಳ್ತಾ ಹೋಗಿ, ಮೇಲಿಂದು ಬಿಲ್ಲಿನ ಹಾಗೆ ಬಾಗುತ್ತೆ, ಬೆರಳು ಬಿಟ್ಟಿದ್ದೇ ಟಪ್ ಅಂತ ಸಿಡಿಯುತ್ತೆ. 2004ರ ಡಿಸೆಂಬರ್ 26ಕ್ಕೆ ಸುಮಾತ್ರಾ ಹತ್ರ ಹೀಗೇ ಸಿಡಿದು ಸುನಾಮಿ ಎದ್ದಿದ್ದು. ಅಕ್ಕಪಕ್ಕ ಉಜ್ಜಾಡೋದಕ್ಕೆ, ಅಂದ್ರೆ ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕಿಗೆ, ಎರಡು ಅಂಗೈ ಸಾಕು.

ಇನ್ನು ಆಗುಂಬೆ. ಅದಕ್ಕೆ ಒಂದು ಅಕ್ಕಿರೊಟ್ಟಿ ತಗೊಂಡು ಹರೀರಿ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಹರಿದು ಹೋಯ್ತು, ಉಳಿದ ಅಂಚನ್ನ ಮಳೆ ನೀರು ಕೊರೆದೂ ಕೊರೆದೂ ಘಟ್ಟ ಆಗಿದ್ದು, ಗುದ್ದಿ ಅಲ್ಲ. ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಆಗ ಉಕ್ಕಿದ ಲಾವಾನೇ.

ಸಂಜೆ ಸನ್‌ಸೆಟ್ ಪಾಯಿಂಟಿಗೆ ಕರ್ಕೊಂಡು ಹೋದೆ. "ಮಾಮ, ಇನ್ನರ್ಧ ರೊಟ್ಟಿ ಎಲ್ಲಿ?" ಅಂದ. ಬರೀ ಮೋಡ, ಏನೂ ಕಾಣ್ತಿರ್ಲಿಲ್ಲ, ಸುಮ್ನೆ ನೈಋತ್ಯಕ್ಕೆ ಕೈ ತೋರಿಸಿದೆ.